ಒಂದು ಚಮಚ ನೀರು

ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಮೊದಲು ಕಿಟಕಿ ನೋಡುತ್ತೇವೆ, ಆಮೇಲೆ ಮುಖ. ಕಿಟಕಿಯಲ್ಲಿ ಮನೆಮಂದಿಯ ಗಿಡಗಳು ಸಾಲಾಗಿ ಕೂತಿರುತ್ತವೆ. ಗೇಣುದ್ದ ಬೆಳೆಯುವ, ದಪ್ಪ ಎಲೆಯ ಗಿಡಗಳು, ಒಬ್ಬೊಬ್ಬರಿಗೆ ಒಂದೊಂದು. ಮಗು ಹುಟ್ಟಿದ ದಿನ ತಾಯಿಯ ಗಿಡದಿಂದ ಒಂದು ಎಲೆ ಬಿಡಿಸಿ ಒಣ ಮರಳಿನ ಮೇಲೆ ಇಡುವುದು ಪದ್ಧತಿ. ಎಲೆ ಬೇರು ಬಿಟ್ಟ ದಿನ ಮಗು ಅಳುತ್ತದೆ. ಅಲ್ಲಿಯವರೆಗೆ ಸುಮ್ಮನೆ ಬಾಯಿ ತೆರೆದು ಮುಚ್ಚುತ್ತಿರುತ್ತದೆ, ಹೆತ್ತವರು ಆ ಮೂರು ವಾರ ಚೆನ್ನಾಗಿ ನಿದ್ದೆ ಮಾಡಿಕೊಳ್ಳುತ್ತಾರೆ. ಆಮೇಲೆ ಗಿಡ ಹೇಗೋ ದನಿ ಹಾಗೆ. ಗಿಡ ಬಾಡಿದರೆ ದನಿ ಬಾಡುತ್ತದೆ, ಕೊನೆಯ ಎಲೆಯೂ ಹೋದರೆ ಆ ಮನುಷ್ಯ ಮತ್ತೆ ಮಾತಾಡುವುದಿಲ್ಲ. ಅಂಥವರು ಊರಿನಲ್ಲಿ ಮೂವರಿದ್ದಾರೆ. ಉಳಿದಂತೆ ಗಟ್ಟಿಮುಟ್ಟಾಗಿಯೇ ಇದ್ದಾರೆ, ಸಂತೆಗೆ ಬರುತ್ತಾರೆ, ಬೆರಳು ತೋರಿಸಿ ಬದನೆಕಾಯಿ ಕೊಳ್ಳುತ್ತಾರೆ.

ಗಿಡ ನೋಡುವುದು ನನ್ನ ಕೆಲಸ. ಹೆಸರು ಶಂಕ್ರವ್ವ, ವಯಸ್ಸು ಅರವತ್ತೆರಡು, ಈ ಕೆಲಸಕ್ಕೆ ಬಿದ್ದು ನಲವತ್ತು ವರ್ಷ. ಸೋದರತ್ತೆ ಬಾಳವ್ವ ಕಲಿಸಿದ್ದು. ದನಿ ಕೇಳಿದರೆ ಅರ್ಧ ಗೊತ್ತಾಗುತ್ತದೆ, ಎಲೆ ಮುಟ್ಟಿದರೆ ಇನ್ನರ್ಧ. ಬಿಸಿಲು ಸಾಲದ ಗಿಡ ಕತ್ತು ಉದ್ದ ಮಾಡಿಕೊಂಡು ಬೆಳಕಿನ ಕಡೆ ಬಾಗುತ್ತದೆ, ಅದರ ಮನುಷ್ಯನ ದನಿ ಸಣ್ಣಗೆ ಎಳೆಯುತ್ತದೆ. ನೀರಿಲ್ಲದ ಗಿಡದ ಎಲೆ ಚರ್ಮದ ಹಾಗೆ ಮಡಚಿಕೊಳ್ಳುತ್ತದೆ, ಗಂಟಲು ಒಡೆಯುತ್ತದೆ. ನೀರು ಹೆಚ್ಚಾದರೆ ಎಲೆ ಗಾಜಿನಂತಾಗಿ ಬೆರಳು ತಾಕಿದರೆ ಉದುರುತ್ತದೆ, ಮಾತು ಗಳಗಳ ಅನ್ನುತ್ತದೆ. ದರ್ಜಿ ಗುರುಸಿದ್ದಪ್ಪನ ಗಿಡದ ಎರಡು ಎಲೆಗಳನ್ನು ಅವನ ಮೇಕೆಯೇ ತಿಂದು, ಎರಡು ದಿನ ಅಂಗಡಿಯ ಮುಂದೆ ನಿಂತು ಅವನದೇ ದನಿಯಲ್ಲಿ “ನಾಡದ ಬರ್ರಿ, ನಾಡದ ಬರ್ರಿ” ಅಂದಿತ್ತು. ಗಿರಾಕಿಗಳು ನಾಡಿದ್ದು ಬಂದರಾಯಿತೆಂದು ವಾಪಸು ಹೋಗುತ್ತಿದ್ದರು.

ಇನ್ನೊಂದು ಪದ್ಧತಿ ಹೇಳಬೇಕು, ಅದರಿಂದಲೇ ಇಷ್ಟೆಲ್ಲ ಆದದ್ದು. ಪ್ರತಿ ಮನೆಯ ಹೊಸ್ತಿಲ ಬಳಿ ಒಂದು ತಂಬಿಗೆ ನೀರು, ಒಂದು ಚಮಚ ಇರುತ್ತದೆ. ಯಾರನ್ನು ನೋಡಲು ಬಂದೆವೋ ಅವರ ಗಿಡಕ್ಕೆ ಒಂದು ಚಮಚ ನೀರು ಹಾಕಿಯೇ ಕೂರಬೇಕು. ಹಾಕದೆ ಕೂತರೆ ಮನಸ್ಸಿನಲ್ಲಿ ಏನೋ ಇದೆ ಎಂದೇ ಅರ್ಥ. ನನ್ನ ಅಕ್ಕ ನಿಂಬೆವ್ವನ ಗಿಡಕ್ಕೆ ನಾನು ಹನ್ನೊಂದು ವರ್ಷದಿಂದ ಚಮಚ ನೀರು ಹಾಕಿರಲಿಲ್ಲ. ಅವಳೂ ನನ್ನ ಗಿಡಕ್ಕೆ ಹಾಕಿರಲಿಲ್ಲ.

ನಮ್ಮಿಬ್ಬರ ಜಗಳ ಅವ್ವ ತೀರಿಕೊಂಡ ದಿನದ್ದು. ಸತ್ತವರ ಗಿಡವನ್ನು ಬೇರುಸಮೇತ, ಒಂದೆಲೆಯೂ ಬಿಡದೆ ಅವರ ಜೊತೆ ಕುಣಿಯಲ್ಲಿ ಇಡುತ್ತೇವೆ. ಅಲ್ಲಿ ಹೋಗಿ ಮಾತಾಡಬೇಕಲ್ಲ. ಅವ್ವನ ಗಿಡ ಎತ್ತುವಾಗ ಒಂದು ಎಲೆ ಉದುರಿತು. ಯಾರಿಗೂ ಕಾಣದಂತೆ ಅದನ್ನು ಉಡಿಯೊಳಗೆ ಸೇರಿಸಿಕೊಂಡೆ. ಬೇರು ಬರಿಸಿ ನನ್ನ ಕಿಟಕಿಯಲ್ಲಿ ಇಟ್ಟುಕೊಳ್ಳೋಣ, ಮಾತಾಡದಿದ್ದರೂ ಅವ್ವನದು ಅಂತ ಒಂದು ಗಿಡ ಇರಲಿ ಎಂದು ಆಸೆ. ನಿಂಬೆವ್ವ ನೋಡಿಬಿಟ್ಟಳು. ನೆರೆದ ಮಂದಿಯ ಎದುರು ನನ್ನ ಉಡಿಗೆ ಕೈ ಹಾಕಿ ಎಲೆ ಕಸಿದು ಕುಣಿಗೆ ಹಾಕಿದಳು. “ಕಳವು ಮಾಡಾಕ ಇದಾ ದಿನ ಸಿಕ್ಕಿತೇನ ಬೇ ನಿನಗ?” ಎಂದಳು. ಅವತ್ತಿಗೆ ನಮ್ಮ ಮಾತು ನಿಂತಿತು.

ಮಾತು ನಿಂತಿತು ಅಂದೆ, ಕೇಳುವುದು ನಿಂತಿರಲಿಲ್ಲ. ಅವಳ ಮನೆ ನನ್ನ ಮನೆಯಿಂದ ಎರಡು ಓಣಿ ಆಚೆ. ನಿಂಬೆವ್ವನ ದನಿ ಎಂಥದೆಂದರೆ, ಅವಳು ಅಡುಗೆಮನೆಯಿಂದ ಸೊಸೆಯನ್ನು ಕರೆದರೆ ಮೂರು ಓಣಿಯ ಸೊಸೆಯಂದಿರು “ಓ” ಅನ್ನುತ್ತಿದ್ದರು. ದಿನಾ ಬೆಳಿಗ್ಗೆ ಮೆಣಸಿನಕಾಯಿ ಹರವುವ ನೆಪದಲ್ಲಿ ನಾನು ಮಾಳಿಗೆಯ ಮೇಲೆ ನಿಂತಿರುತ್ತಿದ್ದೆ. “ಮಹಾನಂದಾ, ಹಾಲ ಉಕ್ಕಾಕತ್ತೇತಿ ನೋಡ!” ಎಂದು ಅವಳು ಕೂಗಿದ ಮೇಲೆಯೇ ನನ್ನ ಹಾಲು ಒಲೆಗೆ ಏರುತ್ತಿತ್ತು. ಅವಳ ಎಮ್ಮೆ ಈದದ್ದು, ಮೊಮ್ಮಗಳಿಗೆ ಹಲ್ಲು ಬಂದದ್ದು, ಅವಳ ಮೊಣಕಾಲು ಹಿಡಿದದ್ದು ಎಲ್ಲ ನನಗೆ ಗೊತ್ತಿತ್ತು. ಜಂಬದಿಂದ ಮಾತು ಬಿಟ್ಟವಳು ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಈ ಸಲದ ಚಳಿಗಾಲದಲ್ಲಿ ಅಕ್ಕನಿಗೆ ಕೆಮ್ಮು ಹತ್ತಿತು. ಬೆಳಗಿನ ಕೂಗು ದಿನದಿನಕ್ಕೆ ಸಣ್ಣದಾಯಿತು. ಒಂದು ದಿನ ಅವಳ ಸೊಸೆ ಮಹಾನಂದಾ ನನ್ನ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಲಿಲ್ಲ, ಅತ್ತೆಗೆ ಗೊತ್ತಾದರೆ ಅವಳ ಗತಿ ನೆಟ್ಟಗಾಗುತ್ತಿರಲಿಲ್ಲ.

“ಸಣ್ಣತ್ತಿ, ನಮ್ಮತ್ತಿ ಗಿಡದ ಎಲಿ ಸುಕ್ಕುಗಟ್ಟ್ಯಾವ್ರಿ. ದನಿ ಭಾಳ ಇಳದೇತಿ. ಒಂದೀಟ ಬಂದು ನೋಡ್ತೀರೇನ್ರಿ?”

ನಾನು ಜೋಳ ಹಸನು ಮಾಡುತ್ತಿದ್ದೆ. ಮೊರದಿಂದ ಕಣ್ಣೆತ್ತಲಿಲ್ಲ.

“ನಿಮ್ಮತ್ತಿ ಕರದಾಳೇನು?”

“ಇಲ್ರಿ. ನಾನಾ ಬಂದೀನ್ರಿ.”

“ಹಂಗಾರ ನಾ ಬರೂದಿಲ್ಲ. ಸುಕ್ಕುಗಟ್ಟ್ಯಾವ ಅಂದ್ರ ನೀರಡಿಸ್ಯಾವ. ನೀರ ಹಾಕ್ರಿ.”

ಅಷ್ಟೇ ಹೇಳಿದ್ದು. ಮಣ್ಣು ಹಸಿಯಿದೆಯೋ ಒಣಗಿದೆಯೋ ಎಂದು ಕೇಳಲಿಲ್ಲ. ನಲವತ್ತು ವರ್ಷ ಊರಿಗೆಲ್ಲ ನಾನು ಹೇಳಿಕೊಂಡು ಬಂದ ಮೊದಲ ಪಾಠ ಅದೇ: ಎಲೆ ಸುಕ್ಕಾದರೆ ಮೊದಲು ಮಣ್ಣಿಗೆ ಬೆರಳು ಹಾಕು. ನೀರಿಲ್ಲದಿದ್ದರೂ ಎಲೆ ಸುಕ್ಕಾಗುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತರೂ ಸುಕ್ಕಾಗುತ್ತದೆ. ಕುಡಿಯುವ ಬಾಯಿಯೇ ಹೋದ ಮೇಲೆ ಕೊಡ ತುಂಬ ನೀರಿದ್ದರೇನು. ಈ ಮಾತು ಅವತ್ತು ನನಗೆ ನೆನಪಾಗಲಿಲ್ಲ ಎಂದರೆ ಸುಳ್ಳಾದೀತು. ನೆನಪಾಯಿತು. ಮಹಾನಂದಾ ಇನ್ನೂ ಓಣಿಯ ತಿರುವಿನಲ್ಲಿ ಇರುವಾಗಲೇ ನೆನಪಾಯಿತು. ನಾನು ಅವಳನ್ನು ಕೂಗಿ ಕರೆಯಲಿಲ್ಲ.

ಹನ್ನೆರಡು ದಿನದ ಮೇಲೆ ಒಂದು ಬೆಳಿಗ್ಗೆ ಮಾಳಿಗೆಯ ಮೇಲೆ ನಿಂತೇ ಇದ್ದೆ. ಬಿಸಿಲು ಏರಿತು, ಮೆಣಸಿನಕಾಯಿ ಹರವಿ ಮುಗಿಯಿತು, ಕೂಗು ಬರಲಿಲ್ಲ. ಸೀದ ಹಾಲಿನ ವಾಸನೆ ಮಾತ್ರ ಎರಡು ಓಣಿ ದಾಟಿ ಬಂತು. ಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಹೊರಟೆ.

ಅಕ್ಕನ ಪಡಸಾಲೆಯಲ್ಲಿ ಏಳೆಂಟು ಮಂದಿ ಕೂತಿದ್ದರು. ಎಲ್ಲರೂ ಮೊದಲು ನನ್ನನ್ನು ನೋಡಿದರು, ಆಮೇಲೆ ಹೊಸ್ತಿಲ ಬಳಿಯ ಚಮಚವನ್ನು ನೋಡಿದರು. ನಾನು ಚಮಚ ಮುಟ್ಟದೆ ಒಳಗೆ ಹೋದೆ. ಯಾರೋ ಲೊಚಗುಟ್ಟಿದ್ದು ಕೇಳಿಸಿತು. ನಿಂಬೆವ್ವ ಗೋಡೆಗೆ ಒರಗಿ ಕೂತಿದ್ದಳು, ಹನ್ನೊಂದು ವರ್ಷದಲ್ಲಿ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಬಾಯಿ ತೆರೆದಳು. ಬೈಯಲು ತೆರೆದದ್ದೋ ಕರೆಯಲು ತೆರೆದದ್ದೋ ಗೊತ್ತಿಲ್ಲ, ಏನೂ ಬರಲಿಲ್ಲ.

ಗಿಡದಲ್ಲಿ ಐದು ಎಲೆ ಉಳಿದಿದ್ದವು. ಮುಟ್ಟಿದೊಡನೆ ಒಂದು ಉದುರಿತು. ಮಣ್ಣಿಗೆ ಬೆರಳು ಹಾಕಿದೆ. ಗದ್ದೆಗೆ ಕಾಲಿಟ್ಟಂತೆ ಬೆರಳು ಒಳಗೆ ಹೋಯಿತು.

“ದಿನಾ ಹತ್ತ ಹನ್ನೆರಡ ಮಂದಿ ನೋಡಾಕ ಬರ್ತಾರ್ರಿ,” ಎಂದಳು ಮಹಾನಂದಾ. “ಎಲ್ಲಾರೂ ಹಾಕ್ಯಾರ್ರಿ. ಬ್ಯಾಡ ಅನ್ನಾಕ ಬರತೈತೇನ್ರಿ? ಮತ್ತ ನೀವೂ ನೀರ ಹಾಕ್ರಿ ಅಂದಿದ್ರಿ. ಅದಕ್ಕ ನಾನೂ ಹೊತ್ತಿಗೆರಡ ಚಮಚ ಹಾಕೀನ್ರಿ ಸಣ್ಣತ್ತಿ.”

ಅವಳ ಕಣ್ಣಿನಲ್ಲಿ ಒಂದಿಷ್ಟೂ ದೂರು ಇರಲಿಲ್ಲ. ನನ್ನ ಮಾತನ್ನು ಚಾಚೂತಪ್ಪದೆ ಪಾಲಿಸಿದ್ದಳು. ಊರಿಗೆ ಊರೇ ಪ್ರೀತಿಯಿಂದ ಬಂದು, ಕುಶಲ ಕೇಳಿ, ಚಮಚ ಚಮಚವಾಗಿ ನನ್ನ ಅಕ್ಕನ ದನಿಯನ್ನು ಮುಳುಗಿಸಿತ್ತು. ಅವರಿಗೆಲ್ಲ ದಾರಿ ತೋರಿಸಿದವಳು ನಾನು.

ಕುಂಡವನ್ನು ಅಂಗಳಕ್ಕೆ ಒಯ್ದು ಮಗುಚಿದೆ. ನೀರು ಹರಿಯಿತು, ಹಳಸಿದ ಅಂಬಲಿಯಂಥ ವಾಸನೆ ಎದ್ದಿತು. ಬೇರುಗಳು ಕಪ್ಪಗಾಗಿ ಹಿಡಿದಲ್ಲೇ ಕಳಚಿಬಂದವು. ಚಾಕುವನ್ನು ಉರಿಗೆ ಹಿಡಿದು ಆರಿಸಿ ಕಾಂಡವನ್ನು ಬುಡದಿಂದ ಮೇಲಕ್ಕೆ ಕತ್ತರಿಸುತ್ತ ಹೋದೆ. ಗಿಡ ಉಳಿಯಬೇಕಾದರೆ ಕತ್ತರಿಸಿದ ಜಾಗ ಎಳೆಸೌತೆಯಂತೆ ಬೆಳ್ಳಗಿರಬೇಕು. ಮೊದಲ ತುಂಡಿನ ನಡುವೆ ಕಪ್ಪು ಉಂಗುರವಿತ್ತು. ಎರಡನೆಯದರಲ್ಲೂ ಇತ್ತು. ಆರು ತುಂಡು ಮಾಡಿದೆ, ಕಪ್ಪು ತುದಿಯವರೆಗೂ ಹೋಗಿತ್ತು. ಇನ್ನು ಉಳಿದದ್ದು ಎಲೆ ಮಾತ್ರ. ನಾಲ್ಕರಲ್ಲಿ ಎರಡು ಗಾಜಾಗಿದ್ದವು. ಒಂದು ಬಿಡಿಸುವಾಗ ಅರ್ಧಕ್ಕೆ ಹರಿಯಿತು. ಬುಡವಿಲ್ಲದ ಎಲೆಗೆ ಬೇರು ಬರುವುದಿಲ್ಲ. ಕೊನೆಯದನ್ನು ಹಿಡಿದು ಉಸಿರು ಬಿಗಿಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿಸಿದೆ. ಚಿಟಕ್ಕೆಂದು ಬುಡಸಮೇತ ಕೈಗೆ ಬಂತು. ಹೆಬ್ಬೆರಳಿನ ಉಗುರಿನಷ್ಟಿತ್ತು.

ನನ್ನ ಕೆಲಸದಲ್ಲಿ ಇಷ್ಟು ಕೆಳಗೆ ನಾನು ಯಾವತ್ತೂ ಇಳಿದಿರಲಿಲ್ಲ. ದೊಡ್ಡವರ ಗಿಡ ಕೆಟ್ಟರೆ ಕಾಂಡದ ತುಂಡಾದರೂ ಸಿಗುತ್ತದೆ, ನೆಟ್ಟರೆ ಹತ್ತುತ್ತದೆ. ಬಾಳವ್ವ ಅತ್ತೆ ಮಾತ್ರ ಒಮ್ಮೆ ಹೇಳಿದ್ದಳು: “ಒಂದ ಎಲಿಗೆ ಬಂದು ನಿಂತ್ರ ನೀರ ಮುಟ್ಟಬ್ಯಾಡ, ಕಿವಿ ಮುಚ್ಚಬ್ಯಾಡ.” ನೀರಿನ ಮಾತು ತಿಳಿದಿತ್ತು. ಕಿವಿಯ ಮಾತು ಏನೆಂದು ಕೇಳುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು.

ಒಂದು ತಾಟಿಗೆ ಒಣ ಮರಳು, ಇಟ್ಟಿಗೆಯ ಚೂರು ಹಾಕಿ, ಎಲೆಯನ್ನು ಮೇಲೆ ಮಲಗಿಸಿ ಕಿಟಕಿಯ ಕಲ್ಲಿನ ಮೇಲೆ ಇಟ್ಟೆ. ಹುಗಿಯಲಿಲ್ಲ, ಹನಿ ನೀರನ್ನೂ ತೋರಿಸಲಿಲ್ಲ. ಹೊಸ್ತಿಲ ಬಳಿಯ ಚಮಚ ತಂದು ದಾರ ಕಟ್ಟಿ ಜಂತಿಗೆ ನೇತುಹಾಕಿದೆ. ಬಂದ ಮಂದಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

“ಇನ್ನ ಈ ಮನ್ಯಾಗ ಯಾರೂ ನೀರ ಹಾಕೂದಿಲ್ಲ,” ಎಂದೆ.

“ಅಲ್ಲಬೇ ಶಂಕ್ರವ್ವಾ,” ಎಂದ ಗುರುಸಿದ್ದಪ್ಪ, “ಜಡ್ಡಾದಾಕಿ ಮನಿಗೆ ಬಂದು ನೀರ ಹಾಕದ ಹೋದ್ರ ನಾವು ಮನಿಶೇರ ಅನಸ್ಕೋತೀವೇನು?”

“ಹಾಕಿ ಹಾಕೇ ಇಲ್ಲೀಮಟಾ ತಂದೀರಿ. ಸುಮ್ಮನ ಕುಂಡ್ರೂದ ಕಲೀರಿ ಇನ್ನ.”

ಅವರೆಲ್ಲ ಎದ್ದು ಹೋದ ಮೇಲೆ ನಾನು ಅಕ್ಕನ ಎದುರು ಕೂತೆ. ಮಹಾನಂದಾ ಬಂದದ್ದು, ನಾನು ಮೊರದಿಂದ ಕಣ್ಣೆತ್ತದೆ ಹೇಳಿದ್ದು, ನೆನಪಾದ ಮೇಲೂ ಅವಳನ್ನು ಕರೆಯದೆ ಬಿಟ್ಟದ್ದು ಎಲ್ಲವನ್ನೂ ಹೇಳಿದೆ. “ತಪ್ಪಾತು ಅಕ್ಕಾ,” ಎಂದೆ. ಹನ್ನೊಂದು ವರ್ಷದ ಮೇಲೆ ಅವಳೊಂದಿಗೆ ನಾನಾಡಿದ ಮೊದಲ ಮಾತುಗಳು ಇವು. ಅವಳು ನನ್ನ ಮುಖವನ್ನೇ ನೋಡುತ್ತ ಕೂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲು ಬಾರದವಳ ಎದುರು ತಪ್ಪು ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಕೊನೆಗೆ ಅವಳು ಎದ್ದು ಒಳಗೆ ಹೋಗಿ ಒಂದು ಹಾಸಿಗೆ ತಂದು ಕಿಟಕಿಯ ಕೆಳಗೆ ಹಾಕಿದಳು. ನಾನು ಅಲ್ಲೇ ಉಳಿದೆ.

ಕಾಯುವುದು ಅಂದರೆ ಏನೂ ಮಾಡದಿರುವುದು, ನಮ್ಮೂರಿನವರಿಗೆ ಅದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಬರುವವರ ಕೈಗಳು ಜಂತಿಯ ಚಮಚದ ಕಡೆ ತಾವಾಗಿಯೇ ಏಳುತ್ತಿದ್ದವು. ಗುರುಸಿದ್ದಪ್ಪ ಒಂದು ದಿನ ಒದ್ದೆ ಕರವಸ್ತ್ರ ತಂದು ಕಿಟಕಿಯ ಹತ್ತಿರ ಸುಮ್ಮನೆ ಹಿಂಡಲು ನೋಡಿ ಸಿಕ್ಕಿಬಿದ್ದ. ಮಹಾನಂದಾ ದಿನಕ್ಕೆ ನಾಲ್ಕು ಸಲ ಬಂದು, “ಒಂದ ಹನಿ ಸಣ್ಣತ್ತಿ? ಬೆರಳ ತುದೀಲೆ?” ಅನ್ನುತ್ತಿದ್ದಳು. ಬೇಡ ಅನ್ನುತ್ತಿದ್ದೆ. ಅಕ್ಕ ಮಾತಿಲ್ಲದೆ ರೊಟ್ಟಿ ಬಡಿಯುತ್ತಿದ್ದಳು, ನನ್ನ ತಾಟಿಗೆ ಎರಡು ಹೆಚ್ಚು ಹಾಕುತ್ತಿದ್ದಳು. ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಬಾಯಿ ತೆರೆಯುತ್ತಿದ್ದಳು, ನೆನಪಾಗಿ ಮುಚ್ಚಿಕೊಂಡು ತಾನೇ ಎದ್ದು ಓಡುತ್ತಿದ್ದಳು.

ಎಲೆ ದಿನದಿನಕ್ಕೆ ತೆಳ್ಳಗಾಯಿತು. ಹದಿನೇಳನೆಯ ದಿನ ಅದರ ಅಂಚು ಒಳಕ್ಕೆ ಸುರುಳಿಯಾಯಿತು. ನನಗೆ ಅನ್ನ ಸೇರಲಿಲ್ಲ. ಇದೂ ಹೋದರೆ ಅಕ್ಕ ಸಂತೆಯಲ್ಲಿ ಬೆರಳು ತೋರಿಸುವ ನಾಲ್ಕನೆಯವಳಾಗುತ್ತಾಳೆ, ಉಳಿದಷ್ಟು ಬೆಳಗು ನಾನು ಮಾಳಿಗೆಯ ಮೇಲೆ ಸುಮ್ಮನೆ ನಿಂತಿರಬೇಕಾಗುತ್ತದೆ. ಅದು ನಾನೇ ಮಾಡಿಕೊಂಡದ್ದು. ಯಾರನ್ನು ದೂರಲಿ?

ಹತ್ತೊಂಬತ್ತನೆಯ ದಿನ ಬೆಳಗಿನ ಬಿಸಿಲು ಕಿಟಕಿಯ ಕಲ್ಲಿಗೆ ಅಡ್ಡಲಾಗಿ ಬಿದ್ದಾಗ ಎಲೆಯ ಬುಡದಲ್ಲಿ ಕೂದಲಿಗಿಂತ ತೆಳ್ಳಗಿನ ಒಂದು ಎಳೆ ಕಂಡಿತು. ಗುಲಾಬಿ ಬಣ್ಣದ್ದು. ನನ್ನ ಸೀರೆಯ ನೂಲು ಬಿದ್ದಿದೆ ಎಂದುಕೊಂಡು ಊದಿದೆ. ಹಾರಲಿಲ್ಲ. ಕಣ್ಣು ಒರೆಸಿಕೊಂಡು ಬಗ್ಗಿ ನೋಡಿದೆ. ಎಳೆ ಎಲೆಯೊಳಗಿಂದಲೇ ಹೊರಟು, ಗಾಳಿಯಲ್ಲಿ ಸ್ವಲ್ಪ ಮುಂದೆ ಹೋಗಿ, ಮರಳಿನ ಕಡೆ ಬಾಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಹೊರಟಿತ್ತು.

ಮೂರು ವಾರದ ಕೂಸುಗಳಿಗಾಗಿ ಸಾವಿರ ಎಲೆಗೆ ಬೇರು ಬಂದದ್ದನ್ನು ನೋಡಿದ್ದೇನೆ. ಅವು ತುಂಬಿದ ಗಿಡದ ಕೊಬ್ಬಿದ ಎಲೆಗಳು, ಬೇರು ಬಾರದಿದ್ದರೆ ಆಶ್ಚರ್ಯ. ಇದು ಕೊಳೆತು ಹೋದದ್ದರಲ್ಲಿ ಉಳಿದ ಚೂರು. ಮಣ್ಣು ಇದನ್ನು ಹಿಡಿದಿರಲಿಲ್ಲ, ನೀರು ಮುಟ್ಟಿರಲಿಲ್ಲ. ತನ್ನೊಳಗೆ ಎಷ್ಟಿತ್ತೋ ಅಷ್ಟನ್ನೇ ತೆಗೆದು, ತಾನು ಸಣ್ಣಗಾಗುತ್ತ, ಕತ್ತಲಲ್ಲಿ ಕೈ ಚಾಚಿದಂತೆ ಚಾಚಿತ್ತು. ಇಷ್ಟು ಪುಟ್ಟ ಜೀವಕ್ಕೆ ಇಷ್ಟು ಹಟ ಎಲ್ಲಿಂದ ಬಂತು? ನನ್ನ ಕೈಗಳು ತಾವೇ ಮುಗಿದುಕೊಂಡವು. ಅಕ್ಕ ಬಂದು ನನ್ನ ಪಕ್ಕದಲ್ಲಿ ಬಗ್ಗಿದಳು. ಇಬ್ಬರ ತಲೆ ಒಂದಕ್ಕೊಂದು ತಾಗಿದವು, ಇಬ್ಬರೂ ಸರಿಯಲಿಲ್ಲ.

ಸುದ್ದಿ ಹಬ್ಬಿ ಓಣಿಯೆಲ್ಲ ಬಂತು. ಒಬ್ಬರೂ ಜಂತಿಯ ಕಡೆ ನೋಡಲಿಲ್ಲ. ಗುರುಸಿದ್ದಪ್ಪ ಟೋಪಿ ತೆಗೆದು ಕಂಕು‍ಳಲ್ಲಿ ಇಟ್ಟುಕೊಂಡು, ಕಿಟಕಿಯ ಮುಂದೆ ಬಗ್ಗಿ, ಉಸಿರು ತಾಗೀತೆಂದು ಬಾಯಿಗೆ ಕೈ ಅಡ್ಡ ಹಿಡಿದು ನೋಡಿದ. ಮೇಕೆಯನ್ನು ಮನೆಯಲ್ಲೇ ಕಟ್ಟಿ ಬಂದಿದ್ದ. ಆಮೇಲೆ ಎಲ್ಲರೂ ಅಕ್ಕನ ಬಾಯಿ ನೋಡುತ್ತ ಕೂತರು. ಅವಳು ನಾಚಿಕೊಂಡು ಸೆರಗು ಅಡ್ಡ ಹಿಡಿದಳು. ಮಧ್ಯಾಹ್ನವಾದರೂ ದನಿ ಬಾರದಿದ್ದಾಗ ಒಬ್ಬೊಬ್ಬರಾಗಿ ಎದ್ದು ಹೋದರು.

ಎಲ್ಲರೂ ಹೋದ ಮೇಲೆ ಗಾಳಿ ಎದ್ದಿತು. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ನಾನು ಕಾಳು ಆರಿಸುತ್ತಿದ್ದೆ.

“ಶಂಕ್ರೀ, ಬಾಗಲಾ ಮುಚ್ಚ. ರೊಟ್ಟಿಗೆ ಧೂಳ ಬೀಳತೈತಿ.”

ಎದ್ದು ಹೋದೆ. ಬಾಗಿಲು ಎಳೆದು ಅಗಳಿಗೆ ಕೈ ಇಟ್ಟ ಮೇಲೆ ನನ್ನ ಕೈ ಅಲ್ಲೇ ನಿಂತಿತು. ಅದು ನಿಂಬೆವ್ವನ ದನಿ ಅಲ್ಲ. ಎಲೆ ಅಡಿಕೆ ಅಗಿದು ಸ್ವಲ್ಪ ಒರಟಾದ, ಪ್ರತಿ ಮಾತಿನ ಕೊನೆಗೆ ಒಲೆ ಊದಿದಂತೆ ಸಣ್ಣ ಉಸಿರು ಬಿಡುವ ದನಿ. ಹನ್ನೊಂದು ವರ್ಷದ ಹಿಂದೆ ಒಂದೆಲೆಯೂ ಉಳಿಯದಂತೆ ಕುಣಿಯಲ್ಲಿ ಇಟ್ಟು ಮಣ್ಣು ಮುಚ್ಚಿದ ದನಿ. ತಿರುಗಿ ನೋಡಿದೆ. ಅಕ್ಕ ಹಿಟ್ಟಿನ ಕೈಯನ್ನು ತನ್ನ ಗಂಟಲಿಗೆ ಒತ್ತಿ ಹಿಡಿದಿದ್ದಳು. ಅವಳ ಕಣ್ಣುಗಳು ದೊಡ್ಡವಾಗಿದ್ದವು.

“ಅವ್ವ,” ಎಂದಳು. ಅದೂ ಅವ್ವನ ದನಿಯಲ್ಲೇ ಬಂತು.

ಗಿಡ ಒಂದೇ ಎಲೆಗೆ ಇಳಿದು ತನ್ನ ಮೊದಲಿಗೆ ಹೋಗಿತ್ತು. ನಿಂಬೆವ್ವ ಹುಟ್ಟಿದಾಗ ಅದು ಅವ್ವನ ಗಿಡದ ಎಲೆಯಾಗಿತ್ತು. ಕೂಸಿನ ಅಳುವಿನಲ್ಲಿ ಯಾರ ದನಿ ಇದೆ ಎಂದು ಯಾರು ಹುಡುಕುತ್ತಾರೆ? ಬಾಳವ್ವ ಅತ್ತೆ ಕಿವಿ ಮುಚ್ಚಬೇಡ ಅಂದದ್ದು ಇದಕ್ಕೆ. ನಾನು ಬಾಗಿಲ ಬಳಿಯೇ ಕುಸಿದು ಕೂತು ಅತ್ತೆ. ದುಃಖದಿಂದ ಅಲ್ಲ, ಅಷ್ಟು ದೊಡ್ಡದನ್ನು ಹೊರಲು ಆಗದೆ ಅತ್ತೆ.

ಅಲ್ಲಿಂದ ಒಂಬತ್ತು ದಿನ ನಾನು ಅಕ್ಕನ ಬೆನ್ನು ಬಿಡಲಿಲ್ಲ. ಮಾತಾಡು, ಮಾತಾಡು ಎಂದು ಕಾಡಿದೆ. ಏನೂ ಇಲ್ಲದಿದ್ದರೆ ಡಬ್ಬಿಯಲ್ಲಿರುವ ಕಾಳುಗಳ ಹೆಸರು ಹೇಳು ಎಂದೆ. ಅವಳು ಹೆಸರು, ಮಡಕಿ, ಅಲಸಂದಿ ಎಂದು ಅವ್ವನ ದನಿಯಲ್ಲಿ ಹೇಳುತ್ತಿದ್ದಳು, ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಅವ್ವನ ಓರಗೆಯ ಮುದುಕಿಯರು ಬಂದು ಕೂತು, “ಏನರೆ ಅನ್ನ ಬೇ” ಎಂದು ಅಂಗಲಾಚುತ್ತಿದ್ದರು.

ಎಲೆಯ ಬುಡದಲ್ಲಿ ಸಾಸಿವೆಯಷ್ಟು ಹಸಿರು ಮೊಳೆತು, ಎರಡಾಗಿ ಬಿರಿದು, ಪುಟ್ಟ ಗಿಡವಾಯಿತು. ಬೇರು ಮರಳಿಗೆ ಇಳಿಯಿತು. ಇನ್ನು ಮೊದಲ ನೀರು ಹಾಕಬೇಕು, ಬಿಸಿಲಿಗೆ ಸರಿಸಬೇಕು. ನಾನು ಎರಡೂ ಮಾಡಲಿಲ್ಲ. ನೀರು ಬಿದ್ದರೆ ಮೂರನೆಯ ಎಲೆ ಬರುತ್ತದೆ, ನಾಲ್ಕನೆಯದು ಬರುತ್ತದೆ, ಗಿಡ ತನ್ನದೇ ದಾರಿ ಹಿಡಿಯುತ್ತದೆ, ಈ ದನಿ ಹೋಗುತ್ತದೆ. ಮಹಾನಂದಾ ಕೇಳಿದಾಗ “ಇನ್ನೂ ಎರಡ ದಿನ” ಎಂದೆ. ಎರಡು ದಿನ ಕಳೆದ ಮೇಲೆ ಮತ್ತೆ “ಇನ್ನೂ ಎರಡ ದಿನ” ಎಂದೆ. ಗುರುಸಿದ್ದಪ್ಪನ ಮೇಕೆಗೂ ನನಗೂ ಏನೂ ವ್ಯತ್ಯಾಸ ಉಳಿಯಲಿಲ್ಲ. ತಾಯೆಲೆ ಕಾಗದದಂತೆ ತೆಳ್ಳಗಾಗಿ ಕೊನೆಯ ಹನಿಯನ್ನೂ ಮರಿಗೆ ಕೊಡುತ್ತಿತ್ತು. ಅದು ಮುಗಿದ ಮೇಲೂ ನೀರು ಹಾಕದಿದ್ದರೆ ಮರಿ ಉಳಿಯುವುದಿಲ್ಲ ಎಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು.

ಒಂಬತ್ತನೆಯ ದಿನ ಬೆಳಿಗ್ಗೆ ಅಕ್ಕ ನನ್ನ ಪಕ್ಕ ಬಂದು ಕೂತಳು.

“ಯಾಕ ನೀರ ಹಾಕವಲ್ಲಿ ಅಂತ ನನಗ ಗೊತ್ತೈತಿ,” ಎಂದಳು.

ನಾನು ತಲೆ ತಗ್ಗಿಸಿದೆ.

“ನೀ ಕೇಳಾಕಿ ಶಂಕ್ರೀ, ನಿನಗ ಅವ್ವ ಸಿಕ್ಕಾಳ. ನಾ ಮಾತಾಡಾಕಿ. ನಾ ಕರದ್ರ ಓ ಅನ್ನಾಕ ನನಗ್ಯಾರ ಅದಾರ? ಅವ್ವಾ ಅಂದ್ರ ಅದಾ ಬಾಯಾಗ ಅದಾ ದನಿ. ಒಂಬತ್ತ ದಿನಾ ಆತು, ನನ್ನ ದನಿ ನಾ ಕೇಳಿಲ್ಲ.” ನನ್ನ ಕಡೆ ತಿರುಗಿದಳು. “ಅವತ್ತ ನಿನ್ನ ಉಡ್ಯಾಗಿನ ಎಲಿ ಯಾಕ ಕಸಗೊಂಡೆ ಗೊತ್ತೇನು?”

“ಪದ್ಧತಿ ಅಂತ.”

“ಪದ್ಧತಿ ಸುಡ್ಲಿ. ಅಲ್ಲಿ ಹ್ವಾದ ಮ್ಯಾಲೆ ಮಕ್ಕಳೆಷ್ಟು, ಹೆಸರೇನು ಅಂತ ಕೇಳಿದ್ರ ಅವ್ವ ಹೇಳಬೇಕಲ್ಲ. ಒಂದ ಎಲಿ ಕಡಿಮಿ ಬಿದ್ದು ಒಂದ ಹೆಸರ ಹೇಳಾಕ ಆಗದಿದ್ರ? ನೀ ಸಣ್ಣಾಕಿ. ಕಡೀಕ ಹೇಳೂ ಹೆಸರು ನಿಂದ ಇರತೈತಿ. ಅದಕ್ಕ ಅಂಜಿದೆ ಬೇ.”

ಇದನ್ನು ಅವಳು ಹನ್ನೊಂದು ವರ್ಷದ ಹಿಂದೆ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಈಗ ಅದೇ ಮಾತನ್ನು ಅವ್ವನ ದನಿಯಲ್ಲಿ ಕೇಳಿದೆ. ಅಕ್ಕ ನನ್ನ ಬೆನ್ನಿನ ಮೇಲೆ ಕೈ ಆಡಿಸಿದಳು.

“ನಿನಗ ಬೇಕಾದ್ರ ಇನ್ನ ನಾಕ ದಿನಾ ಇಟ್ಕೊ. ನಾ ಏನೂ ಅನ್ನೂದಿಲ್ಲ.”

ಎದ್ದೆ. ಜಂತಿಯ ದಾರ ಬಿಚ್ಚಲು ಕೈ ಎಟುಕಲಿಲ್ಲ, ಮಣೆ ಹಾಕಿಕೊಂಡು ಏರಿದೆ. ಚಮಚ ತೊಳೆದು ಹೊಸ್ತಿಲ ಬಳಿಗೆ ಹೋದೆ. ಅಲ್ಲಿಂದ, ಆಗಷ್ಟೇ ಮನೆಯೊಳಗೆ ಕಾಲಿಟ್ಟವಳಂತೆ, ಚಮಚ ತುಂಬ ನೀರು ಹಿಡಿದು ಕಿಟಕಿಯವರೆಗೆ ನಡೆದುಬಂದೆ. ಮಹಾನಂದಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೀರನ್ನು ಮರಿಗೆ ತಾಗದಂತೆ ಬೇರಿನ ಸುತ್ತ ಮರಳಿಗೆ ಇಳಿಸಿದೆ. ಮರಳು ಕಪ್ಪಗಾಯಿತು, ಸುಂಯ್ ಎಂದು ಹೀರಿಕೊಂಡಿತು. ತಾಟನ್ನು ಎತ್ತಿ ಬಿಸಿಲಿಗೆ ಸರಿಸಿದೆ.

“ಅಕ್ಕಾ, ಒಂದ ಸಲ ನನ್ನ ಹೆಸರ ಕರಿ,” ಎಂದೆ.

“ಶಂಕ್ರೀ,” ಎಂದಳು. ಕೊನೆಗೆ ಆ ಸಣ್ಣ ಉಸಿರು ಬಂತು. ಚೀಲ ಎತ್ತಿಕೊಂಡು ಮನೆಗೆ ಬಂದೆ.

ಐದು ದಿನ ನಾನು ಆ ಓಣಿಯ ಕಡೆ ಹೋಗಲಿಲ್ಲ. ದನಿ ಬದಲಾಗುವುದನ್ನು ಎದುರು ನಿಂತು ನೋಡುವ ಧೈರ್ಯ ನನಗಿರಲಿಲ್ಲ. ಗಿಡದ ವರದಿಯನ್ನು ದಿನಾ ಮಹಾನಂದಾ ತಂದು ಹೇಳುತ್ತಿದ್ದಳು, ಈಗ ಒಳಗೆ ಬಂದು, ನನ್ನ ಗಿಡಕ್ಕೆ ಚಮಚದ ತುದಿಯಿಂದ ಒಂದೇ ಹನಿ ಹಾಕಿ ಕೂರುತ್ತಿದ್ದಳು. ಊರಿನಲ್ಲಿ ಈಗ ಎಲ್ಲರೂ ಹಾಗೆಯೇ ಹಾಕುತ್ತಾರೆ. ಆರನೆಯ ಬೆಳಿಗ್ಗೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆ.

“ಮಹಾನಂದಾ, ಹಾಲ ಉಕ್ಕಾಕತ್ತೇತಿ ನೋಡ!”

ಅದೇ ದನಿ, ಗೋಡೆ ನಡುಗಿಸುವ ನಿಂಬೆವ್ವನ ದನಿ. ಮೂರು ಓಣಿಯ ಸೊಸೆಯಂದಿರು “ಓ” ಎಂದರು. ನನ್ನ ಕೈಯಿಂದ ಮೊರ ಜಾರಿತು. ಅಷ್ಟರಲ್ಲಿ ಅವಳೂ ತನ್ನ ಮಾಳಿಗೆ ಏರಿ ಬಂದಿದ್ದಳು. ಬಿಳಿ ತಲೆ ಬಿಸಿಲಿನಲ್ಲಿ ಹೊಳೆಯುತ್ತಿತ್ತು.

“ಶಂಕ್ರೀ! ಒಂದ ಚಮಚ ನೀರ ಹಾಕಾಕ ಹನ್ನೊಂದ ವರಸ ಬೇಕಾತೇನ ಬೇ ನಿನಗ?”

ಓಣಿಗೆ ಓಣಿಯೇ ನಕ್ಕಿತು. ನಾನೂ ಅಂಚಿಗೆ ಬಂದು, ಎರಡೂ ಕೈ ಬಾಯಿಗೆ ಹಿಡಿದು, ಇದ್ದಷ್ಟು ಶಕ್ತಿ ಹಾಕಿ ಕೂಗಿದೆ.

“ಬಂದೆ ತಡೀ ಅಕ್ಕಾ! ಚಾ ಇಡ!”

ಕೂಗಿ ಮುಗಿಸುವಾಗ ನನ್ನ ಬಾಯಿಂದ ಒಲೆ ಊದಿದಂತೆ ಒಂದು ಸಣ್ಣ ಉಸಿರು ಹೊರಬಿತ್ತು. ಅರವತ್ತೆರಡು ವರ್ಷದಿಂದ ಅದು ಅಲ್ಲೇ ಇದ್ದಿರಬೇಕು. ಊರಿನವರೆಲ್ಲರ ದನಿ ಕೇಳಿದ ನಾನು ನನ್ನದನ್ನು ಕೇಳಿಸಿಕೊಂಡಿರಲಿಲ್ಲ.